ಇನ್ನೂ ಎಷ್ಟು ಹೊತ್ತು? ಸ್ಕ್ಯಾನ್ ಕೋಣೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಕ್ಯಾನ್ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲು ಎಕ್ಸ್‌ರೇ, ಆಮೇಲೆ ಹೃದಯ ನೋಡುವ ಎಕೋ, ಈಗ ಅಯಸ್ಕಾಂತದಿಂದ ಮೈಯೊಳಗಿನ ಚಿತ್ರ ತೆಗೆಯುವ ಎಂಆರ್‌ಐ. ಗದಗ, ಹಾವೇರಿ, ನವಲಗುಂದ, ಕಲಘಟಗಿ ಕಡೆಯಿಂದ ಜನ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. ಅವರು ಕೇಳುವುದರಲ್ಲಿ ಜಾಸ್ತಿ ಪ್ರಶ್ನೆಗಳು ಹೊತ್ತಿನ ಬಗ್ಗೆಯೇ ಇರುತ್ತವೆ. ಎಷ್ಟು ಹೊತ್ತು ಹಿಡಿಯುತ್ತದೆ, ಯಾಕೆ ಅಷ್ಟು ಹೊತ್ತು, ಸ್ಕ್ರೀನಿನಲ್ಲಿ ಓಡಾಡುತ್ತಿರುವುದು ಈಗಿನದ್ದಾ ಆಗಿನದ್ದಾ. ಒಳಗೆ ಮಲಗಿದವರಿಗೆ ಇದನ್ನೆಲ್ಲ ಮೊದಲೇ ಹೇಳಿದರೆ ಅರ್ಧ ಭಯ ಕಡಿಮೆಯಾಗುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ರೋಗದ ಬಗ್ಗೆ ಇಲ್ಲಿ ಉತ್ತರವಿಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಎಂಆರ್‌ಐಗೆ ಎಷ್ಟು ಹೊತ್ತು ಬೇಕು?

ಬೆನ್ನು, ಮೊಣಕಾಲು, ತಲೆ, ಯಾವುದಾದರೂ ಸಾಮಾನ್ಯವಾಗಿ 20ರಿಂದ 30 ನಿಮಿಷ. ಮಧ್ಯೆ ಇಂಜೆಕ್ಷನ್ ಕೊಡುವುದಿದ್ದರೆ ಇನ್ನೊಂದು ಹತ್ತು ಹದಿನೈದು ನಿಮಿಷ.

ವಯಸ್ಸಾದವರಿಗೆ ನಾನು "ಒಂದು ಗಳಿಗೆ ಮಲಗಬೇಕ್ರಿ ಅಜ್ಜಾರ" ಅನ್ನುತ್ತೇನೆ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಅದು. ಗಳಿಗೆ ಅಂದರೆ ಲೆಕ್ಕದ ಪ್ರಕಾರ 24 ನಿಮಿಷ, ದಿನಕ್ಕೆ 60 ಗಳಿಗೆ. ಹಿಂದೆ ಮುಹೂರ್ತ ನೋಡಲು ಮದುವೆ ಮನೆಯಲ್ಲಿ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲು, ನೀರಿನ ಮೇಲೆ ಬಿಟ್ಟರೆ ನಿಧಾನಕ್ಕೆ ತುಂಬಿ ಮುಳುಗುತ್ತದೆ. ಮುಳುಗಿತು ಅಂದರೆ ಒಂದು ಗಳಿಗೆ ಆಯಿತು. ಒಂದು ಬೆನ್ನಿನ ಸ್ಕ್ಯಾನ್ ಮುಗಿಯುವುದೂ ಹೆಚ್ಚುಕಡಿಮೆ ಅಷ್ಟರಲ್ಲೇ. ಹಳ್ಳಿಯ ಹಿರಿಯರಿಗೆ ಇದು ಥಟ್ಟನೆ ತಿಳಿಯುತ್ತದೆ.

ನನಗೆ ಒಂದು ತಾಸಿಗಿಂತ ಜಾಸ್ತಿ ಅನ್ನಿಸಿತು. ನಿಮ್ಮ ಲೆಕ್ಕ ಸರಿ ಇದೆಯಾ?

ಲೆಕ್ಕ ಸರಿ ಇದೆ. ನಿಮಗೆ ಅನ್ನಿಸಿದ್ದೂ ನಿಜ.

ಒಳಗೆ ಹೋಗುವ ಮುಂಚೆ ನಾವು ಕೈಗಡಿಯಾರ ಬಿಚ್ಚಿಸುತ್ತೇವೆ. ಮೊಬೈಲ್ ಹೊರಗೆ. ಮಾಂಗಲ್ಯ, ಕಾಲುಂಗುರ, ಹೇರ್‌ಪಿನ್ ಎಲ್ಲ ಹೊರಗೆ. ದೊಡ್ಡ ಅಯಸ್ಕಾಂತ ಇರುವ ಕೋಣೆ, ಬೇರೆ ದಾರಿ ಇಲ್ಲ. ಆದರೆ ಅದರಿಂದ ಆಗುವುದೇನು ನೋಡಿ. ಹೊತ್ತು ಅಳೆಯಲು ನಿಮ್ಮ ಹತ್ತಿರ ಇದ್ದದ್ದೆಲ್ಲ ಹೋಯಿತು. ಕಿಟಕಿ ಇಲ್ಲ, ಬಿಸಿಲು ಸರಿಯುವುದು ಕಾಣುವುದಿಲ್ಲ, ಮಾತಾಡಲು ಯಾರೂ ಇಲ್ಲ. ಮೈ ಅಲುಗಿಸುವ ಹಾಗಿಲ್ಲ. ಉಳಿದದ್ದು ಒಂದೇ ಕೆಲಸ, "ಇನ್ನೂ ಎಷ್ಟು ಹೊತ್ತು" ಅಂತ ಯೋಚಿಸುವುದು. ಹೊತ್ತನ್ನೇ ನೋಡುತ್ತ ಕೂತರೆ ಅದು ಉದ್ದವಾಗುತ್ತದೆ. ಚನ್ನಮ್ಮ ಸರ್ಕಲ್‌ನಲ್ಲಿ ಸಿಗ್ನಲ್ ಕಾಯುವಾಗ ಆಗುವ ಹಾಗೆ.

ಭಯ ಸೇರಿದರೆ ಇನ್ನೂ ಜಾಸ್ತಿ. ಇದರ ಬಗ್ಗೆ ಅಮೆರಿಕದ ಮೆದುಳು ವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. 31 ಮೀಟರ್ ಎತ್ತರದಿಂದ ಜನರನ್ನು ಬೆನ್ನು ಕೆಳಗಾಗಿ ಬಲೆಯೊಳಗೆ ಬೀಳಿಸಿದರು. ಬಿದ್ದವರಿಗೆ ತಾವು ಬಿದ್ದ ಹೊತ್ತು ಬೇರೆಯವರು ಬಿದ್ದ ಹೊತ್ತಿಗಿಂತ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉದ್ದ ಅನ್ನಿಸಿತ್ತು. ಆದರೆ ಬೀಳುವಾಗ ಅವರ ಮಣಿಕಟ್ಟಿಗೆ ಕಟ್ಟಿದ್ದ ಸಾಧನದಲ್ಲಿ ಅಂಕೆಗಳು ಬಹಳ ಬೇಗ ಮಿನುಗುತ್ತಿದ್ದವು. ಅವರ ಪಾಲಿಗೆ ಹೊತ್ತು ನಿಜಕ್ಕೂ ನಿಧಾನವಾಗಿದ್ದರೆ ಆ ಅಂಕೆಗಳನ್ನು ಓದಲು ಆಗಬೇಕಿತ್ತು. ಆಗಲಿಲ್ಲ. ಅಂದರೆ ಭಯದಲ್ಲಿ ಕಣ್ಣು ಚುರುಕಾಗುವುದಿಲ್ಲ, ನೆನಪು ದಟ್ಟವಾಗಿ ಕೂರುತ್ತದೆ. ಆಮೇಲೆ ತಿರುಗಿ ನೋಡಿದಾಗ ಆ ದಟ್ಟ ನೆನಪು ಉದ್ದ ಹೊತ್ತಾಗಿ ಕಾಣುತ್ತದೆ.

ನನ್ನ ಅಪ್ಪನಿಗೂ ಹೀಗೇ ಆಯಿತು. ನಾನಿನ್ನೂ ಎಂಆರ್‌ಐ ಕೆಲಸಕ್ಕೆ ಸೇರಿರಲಿಲ್ಲ. ಬೇರೆ ಒಂದು ಕಡೆ ಸ್ಕ್ಯಾನ್ ಮಾಡಿಸಿದೆವು. ಅಲ್ಲಿ ಯಾರೂ ಅಪ್ಪನಿಗೆ ಏನೂ ಹೇಳಲಿಲ್ಲ. ಎಷ್ಟು ಹೊತ್ತು ಅಂತ ಹೇಳಲಿಲ್ಲ, ಸದ್ದು ಬರುತ್ತದೆ ಅಂತಲೂ ಹೇಳಲಿಲ್ಲ. ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಬಲ್ಬು ಜಾರಿ ಕೆಳಗೆ ಬಿದ್ದಿತ್ತಂತೆ, ಒತ್ತಿ ಕರೆಯಲೂ ಆಗಿಲ್ಲ. ಹೊರಗೆ ಬಂದಾಗ ಮುಖ ಬೆಳ್ಳಗಾಗಿತ್ತು. "ಎರಡ ತಾಸ ಒಳಗ ಹಾಕಿ ಮರತಬಿಟ್ಟಾರ ಅಂದ್ಕೊಂಡೆ" ಅಂದರು. ಮನೆಗೆ ಬಂದು ಫಿಲ್ಮ್ ಬೆಳಕಿಗೆ ಹಿಡಿದು ಮೂಲೆಯಲ್ಲಿ ಅಚ್ಚಾಗಿದ್ದ ಟೈಮ್ ನೋಡಿದೆ. ಮೊದಲ ಚಿತ್ರ 4 ಗಂಟೆ 12 ನಿಮಿಷಕ್ಕೆ, ಕೊನೆಯದು 4 ಗಂಟೆ 41ಕ್ಕೆ. ಇಪ್ಪತ್ತೊಂಬತ್ತು ನಿಮಿಷ. ಅಪ್ಪನಿಗೆ ತೋರಿಸಿದೆ. ನೋಡಿದರು, ತಲೆ ಅಲ್ಲಾಡಿಸಿದರು. ಸಾಯುವವರೆಗೂ ಎರಡು ತಾಸು ಅಂತಲೇ ಹೇಳುತ್ತಿದ್ದರು.

ಹಾಗಾದರೆ ಒಳಗೆ ಹೊತ್ತು ಕಳೆಯುವುದು ಹೇಗೆ?

ಮೊದಲು ಟೆಕ್ನಿಷಿಯನ್‌ಗೆ ಕೇಳಿ: "ಎಷ್ಟು ಭಾಗ ಇದೆ? ಒಂದೊಂದು ಎಷ್ಟು ನಿಮಿಷ?" ಎಂಆರ್‌ಐ ಒಂದೇ ಉದ್ದ ಸ್ಕ್ಯಾನ್ ಅಲ್ಲ. ಐದಾರು ತುಂಡು, ಒಂದೊಂದೂ ಎರಡರಿಂದ ಐದು ನಿಮಿಷ. ನಮ್ಮ ಸ್ಕ್ರೀನಿನ ಮೇಲೆ ಪ್ರತಿ ತುಂಡಿನ ನಿಮಿಷ ಸೆಕೆಂಡು ಎದ್ದು ಕಾಣುತ್ತಿರುತ್ತದೆ. ನಾನು ಪ್ರತಿ ಸಲ ಮೈಕಿನಲ್ಲಿ ಹೇಳುತ್ತೇನೆ: "ಈಗಿಂದು ನಾಲ್ಕು ನಿಮಿಷ ಐತ್ರಿ, ಜೋರು ಸದ್ದು ಬರ್ತದ." ಮುಗಿದ ಮೇಲೆ "ಮೂರು ಮುಗೀತು, ಎರಡು ಉಳೀತು." ಇದಕ್ಕೆ ಖರ್ಚಿಲ್ಲ, ಹತ್ತು ಸೆಕೆಂಡು ಸಾಕು. ಕೊನೆ ಎಲ್ಲಿದೆ ಅಂತ ಗೊತ್ತಿದ್ದವರು ಅಲುಗಾಡದೆ ಮಲಗುತ್ತಾರೆ. ಚಿತ್ರವೂ ಚೆನ್ನಾಗಿ ಬರುತ್ತದೆ, ಮತ್ತೆ ತೆಗೆಯುವ ಪ್ರಸಂಗ ಬರುವುದಿಲ್ಲ.

ಎರಡನೆಯದು, ಎಣಿಸಲು ಏನಾದರೂ ಇಟ್ಟುಕೊಳ್ಳಿ. ಗದಗಿನಲ್ಲಿ ತಬಲಾ ಕಲಿಯುತ್ತಿದ್ದ ಹುಡುಗನೊಬ್ಬ ಕುತ್ತಿಗೆ ಸ್ಕ್ಯಾನಿಗೆ ಬಂದಿದ್ದ. ಹೊರಗೆ ಬಂದವನೇ, "ಸರ್, ಎರಡನೇದು ಸರಿಯಾಗಿ ತೀನತಾಲಕ್ಕೆ ಕೂಡ್ತಿತ್ರಿ. ಮೂರನೇದ್ರಾಗ ಮಾತ್ರೆ ಹಿಡಿಯಾಕ ಆಗಲಿಲ್ಲ" ಅಂದ. ಮಾತ್ರೆ ಅಂದರೆ ತಾಳದ ಒಂದು ಎಣಿಕೆ, ಆವರ್ತನ ಅಂದರೆ ತಾಳದ ಒಂದು ಪೂರ್ತಿ ಸುತ್ತು. ಮೆಷಿನ್ನಿನ ಸದ್ದಿಗೆ ಮನಸ್ಸಿನಲ್ಲೇ ತಾಳ ಹಿಡಿದು ಆವರ್ತನ ಎಣಿಸಿದ್ದ. ಎಷ್ಟು ಹೊತ್ತಾಗಿರಬಹುದು ಅಂತ ಕೇಳಿದೆ. "ಹದಿನೈದು ನಿಮಿಷ." ಆಗಿದ್ದದ್ದು ಇಪ್ಪತ್ತಾರು. ನನ್ನ ಅಪ್ಪನಿಗೆ ಉದ್ದವಾದ ಅದೇ ಹೊತ್ತು ಇವನಿಗೆ ಗಿಡ್ಡವಾಗಿತ್ತು. ಅವತ್ತಿನಿಂದ ನಾನು ಎಲ್ಲರಿಗೂ ಸದ್ದನ್ನು ಎಣಿಸಲು ಹೇಳುತ್ತೇನೆ. ವಚನವೋ ಭಜನೆಯೋ ಮನಸ್ಸಿನಲ್ಲಿ ಹೇಳಿಕೊಂಡರೂ ಆಯಿತು. ತುಟಿ ಮಾತ್ರ ಅಲುಗಿಸಬೇಡಿ.

ಅಷ್ಟು ಸದ್ದು ಯಾಕೆ?

ಒಳಗಿನ ತಂತಿ ಸುರುಳಿಗಳಲ್ಲಿ ಕರೆಂಟ್ ಪಟಪಟ ಅಂತ ಹಾಕಿ ತೆಗೆಯುತ್ತದೆ. ದೊಡ್ಡ ಅಯಸ್ಕಾಂತದ ನಡುವೆ ಹೀಗಾದಾಗ ಸುರುಳಿ ನಡುಗುತ್ತದೆ. ಲೌಡ್‌ಸ್ಪೀಕರ್ ಸದ್ದು ಮಾಡುವುದೂ ಹೀಗೆಯೇ. ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡದಿದ್ದರೆ ಕೇಳಿ ಪಡೆಯಿರಿ.

ಮೊಬೈಲ್ ಕ್ಷಣದಲ್ಲಿ ಫೋಟೋ ತೆಗೆಯುತ್ತದೆ. ಇಷ್ಟು ದೊಡ್ಡ ಮೆಷಿನ್ನಿಗೆ ಯಾಕೆ ಅಷ್ಟು ಹೊತ್ತು?

ಮೊಬೈಲ್ ಬೆಳಕು ಹಿಡಿಯುತ್ತದೆ, ಬೆಳಕು ಬೇಕಾದಷ್ಟಿದೆ. ಎಂಆರ್‌ಐ ನಿಮ್ಮ ಮೈಯಲ್ಲಿರುವ ನೀರಿನ ಮತ್ತು ಕೊಬ್ಬಿನ ಹೈಡ್ರೋಜನ್ ಕೇಳಿಸಿಕೊಳ್ಳುತ್ತದೆ. ಅಯಸ್ಕಾಂತದೊಳಗೆ ಹೈಡ್ರೋಜನ್ ಬುಗುರಿಯ ಹಾಗೆ ತಿರುಗುತ್ತದೆ. ನಮ್ಮ ಕಡೆ ಜಾಸ್ತಿ ಇರುವ 1.5 ಟೆಸ್ಲಾ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಮೆಷಿನ್ನಿನಲ್ಲಿ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸುತ್ತು. ನಾವು ರೇಡಿಯೋ ಅಲೆ ಕಳಿಸಿ ಅದನ್ನು ಓರೆ ಮಾಡುತ್ತೇವೆ, ಅದು ಸಣ್ಣ ದನಿಯಲ್ಲಿ ಉತ್ತರ ಕೊಡುತ್ತದೆ. ಆಮೇಲೆ ಮತ್ತೆ ನೆಟ್ಟಗಾಗುವವರೆಗೆ ಕಾಯಬೇಕು. ಒಂದು ಸಲಕ್ಕೆ ಒಂದು ಸಾಲಿನ ಮಾಹಿತಿ. 256 ಸಾಲು ಬೇಕಿದ್ದು, ಒಂದೊಂದಕ್ಕೆ ಅರ್ಧ ಸೆಕೆಂಡು ಕಾದರೆ ಎರಡು ನಿಮಿಷ ದಾಟಿತು. ಈಗಿನ ಮೆಷಿನ್‌ಗಳು ಒಂದೇ ಸಲ ಹಲವು ಸಾಲು ಹಿಡಿಯುತ್ತವೆ, ಆದರೂ ಕಾಯುವುದು ಪೂರ್ತಿ ತಪ್ಪಿಲ್ಲ.

ಇನ್ನೊಂದು ವಿಷಯವಿದೆ. ಈ ಸಾಲು ಅಂದರೆ ಚಿತ್ರದ ಮೇಲಿನ ಸಾಲು, ಕೆಳಗಿನ ಸಾಲು ಅಂತಲ್ಲ. ಪ್ರತಿ ಸಾಲಿನಲ್ಲೂ ಇಡೀ ಚಿತ್ರದ ಒಂದಿಷ್ಟು ಅಂಶ ಇರುತ್ತದೆ. ಅದಕ್ಕೇ ಮೂರನೇ ನಿಮಿಷದಲ್ಲಿ ಒಂದು ಸಲ ಕೆಮ್ಮಿದರೂ ಚಿತ್ರದ ಉದ್ದಗಲಕ್ಕೂ ನೆರಳು ನೆರಳಾಗಿ ಬೀಳುತ್ತದೆ. "ಬರೇ ಒಂದ್ ಸಲ ಅಲುಗಾಡಿದೆ" ಅಂತ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ತುಂಡನ್ನು ಮತ್ತೆ ತೆಗೆಯಬೇಕಾಗುತ್ತದೆ.

ಇದೆಲ್ಲ ಎಷ್ಟು ಬೇಗ ಸುಧಾರಿಸಿದೆ ಗೊತ್ತಾ? 1977ರಲ್ಲಿ ನ್ಯೂಯಾರ್ಕಿನಲ್ಲಿ ರೇಮಂಡ್ ಡಮೇಡಿಯನ್ ತಂಡ ಮನುಷ್ಯನ ಎದೆಯ ಒಂದೇ ಒಂದು ಚಿತ್ರ ತೆಗೆಯಲು ಐದು ತಾಸಿನ ಹತ್ತಿರ ತೆಗೆದುಕೊಂಡಿತು.

ರಿಪೋರ್ಟಿನಲ್ಲಿ ಟಿ1, ಟಿ2 ಅಂತ ಇದೆ. ರೋಗ ಎರಡನೇ ಹಂತಕ್ಕೆ ಹೋಗಿದೆಯಾ?

ಇಲ್ಲ. ಈ ಪ್ರಶ್ನೆ ಕೇಳುವಾಗ ಜನರ ಕೈ ನಡುಗುವುದನ್ನು ನೋಡಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕ್ಯಾನ್ಸರ್ ರಿಪೋರ್ಟಿನಲ್ಲಿ ಗಡ್ಡೆಯ ಹಂತಕ್ಕೂ ಟಿ1, ಟಿ2 ಅಂತಲೇ ಬರೆಯುತ್ತಾರೆ. ಗೊಂದಲ ಅಲ್ಲಿಂದ ಬಂದಿದೆ. ಎಂಆರ್‌ಐ ಚಿತ್ರದ ಹೆಸರಾಗಿ ಬರುವ ಟಿ1, ಟಿ2 ಅಂದರೆ ಹೊತ್ತು. ಟಿ ಅಂದರೆ ಟೈಮ್.

ಓರೆಯಾದ ಹೈಡ್ರೋಜನ್ ಮತ್ತೆ ನೆಟ್ಟಗಾಗಲು ಹಿಡಿಯುವ ಹೊತ್ತು ಟಿ1. ಜೊತೆಯಾಗಿ ತಿರುಗುತ್ತಿದ್ದವು ಒಂದರ ಲಯ ಇನ್ನೊಂದಕ್ಕೆ ತಪ್ಪಿ ದನಿ ಸಣ್ಣದಾಗುವ ಹೊತ್ತು ಟಿ2. ಕೊಬ್ಬಿಗೆ ಅವಸರ, ಕಾಲು ಸೆಕೆಂಡಿನ ಆಸುಪಾಸಿನಲ್ಲೇ ಬಹಳಷ್ಟು ನೆಟ್ಟಗಾಗುತ್ತದೆ. ಮೆದುಳಿನ ಸುತ್ತ ಇರುವ ನೀರಿಗೆ ಮೂರು ನಾಲ್ಕು ಸೆಕೆಂಡು ಬೇಕು. ಅದಕ್ಕೇ ಟಿ1 ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ನೀರು ಕಪ್ಪಗೆ. ಟಿ2ದಲ್ಲಿ ನೀರು ಬೆಳ್ಳಗೆ. ಬಾವು ಬಂದ ಕಡೆ ನೀರು ತುಂಬಿರುವುದರಿಂದ ಟಿ2ದಲ್ಲಿ ಅದು ಎದ್ದು ಕಾಣುತ್ತದೆ.

ನನಗೆ ಈ ಕೆಲಸದಲ್ಲಿ ಇವತ್ತಿಗೂ ಬೆರಗು ಹುಟ್ಟಿಸುವುದು ಇದು. ಆ ಕಪ್ಪು ಬಿಳುಪು ಬಣ್ಣಗಳೆಲ್ಲ ಹೊತ್ತಿನ ಅಳತೆ. ಮೈಯ ಒಂದೊಂದು ಭಾಗಕ್ಕೂ ಅದರದ್ದೇ ಗಡಿಯಾರ ಇದೆ, ನಾವು ಅವುಗಳ ವ್ಯತ್ಯಾಸವನ್ನು ಚಿತ್ರ ಮಾಡಿ ನೋಡುತ್ತೇವೆ.

ಹೃದಯದ ಎಂಆರ್‌ಐ ವಿಡಿಯೋದಲ್ಲಿ ಕಾಣುವುದು ಯಾವ ಬಡಿತ?

ಸಾಮಾನ್ಯವಾಗಿ ಯಾವ ಒಂದು ಬಡಿತವೂ ಅಲ್ಲ. ಹೃದಯ ಒಂದು ಸಲ ಬಡಿಯಲು ಒಂದು ಸೆಕೆಂಡು ಕೂಡ ತೆಗೆದುಕೊಳ್ಳುವುದಿಲ್ಲ, ಅಷ್ಟರಲ್ಲಿ ಎಲ್ಲ ಸಾಲು ಹಿಡಿಯಲು ಆಗುವುದಿಲ್ಲ. ಅದಕ್ಕೆ ಎದೆಗೆ ಇಸಿಜಿ ತಂತಿ ಅಂಟಿಸಿ, ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿಸುತ್ತೇವೆ. ಮೊದಲ ಬಡಿತದಿಂದ ಕೆಲವು ಸಾಲು, ಎರಡನೆಯದರಿಂದ ಕೆಲವು, ಹೀಗೆ ಹತ್ತಾರು ಬಡಿತಗಳಿಂದ ತುಂಡು ಕೂಡಿಸಿ ಮೆಷಿನ್ ಒಂದು ಬಡಿತದ ಸಿನಿಮಾ ಜೋಡಿಸುತ್ತದೆ.

ಧಾರವಾಡದ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಗಾಯಕ ಒಂದೇ ಬಂದಿಶ್ (ರಾಗದ ಹಾಡು) ಹನ್ನೆರಡು ಆವರ್ತನ ಹಾಡಿದರು ಅನ್ನಿ. ಒಂದೊಂದು ಆವರ್ತನದಿಂದ ಒಂದೊಂದು ಮಾತ್ರೆ ಕತ್ತರಿಸಿ ಹೊಸದೊಂದು ಆವರ್ತನ ಕಟ್ಟಿದ ಹಾಗೆ. ಲಯ ಗಟ್ಟಿ ಇದ್ದರೆ ಜೋಡಣೆ ಗೊತ್ತೇ ಆಗುವುದಿಲ್ಲ. ಲಯ ಅಲುಗಿದರೆ ಕೆಡುತ್ತದೆ. ಬಡಿತ ಏರುಪೇರಾಗಿರುವವರ ಹೃದಯದ ಚಿತ್ರ ಮಸುಕಾಗಿ ಬರುವುದು ಇದೇ ಕಾರಣಕ್ಕೆ.

ಹಾಗಾದರೆ ಎಕೋ ಮಾಡುವಾಗ ಕಾಣುವುದು ಲೈವ್ ಹೌದಾ?

ಹೌದು ಅನ್ನಬಹುದು, ಕಣ್ಣಿಗೆ ಗೊತ್ತಾಗದಷ್ಟು ಸ್ವಲ್ಪ ಹಳೆಯದು.

ಎಕೋ, ಸೋನೋಗ್ರಾಫಿ ಎರಡೂ ನಮಗೆ ಕೇಳದ ಸದ್ದಿನಿಂದ ನಡೆಯುತ್ತವೆ. ಮೈಯೊಳಗೆ ಆ ಸದ್ದು ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಉದ್ದ ಪ್ಲಾಟ್‌ಫಾರ್ಮ್ ಇದೆಯಲ್ಲ, ಅದು 1507 ಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಸೆಕೆಂಡಿನೊಳಗೆ ಮುಟ್ಟುವ ವೇಗ ಅನ್ನಿ. ಗಾಳಿಯಲ್ಲಿ ಕೂಗಿದರೆ ಅಷ್ಟೇ ದೂರಕ್ಕೆ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಬೇಕು.

ಎದೆಯೊಳಗೆ 15 ಸೆಂಟಿಮೀಟರ್ ಹೋಗಿ ತಿರುಗಿ ಬರಲು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು ಸಾಕು. ಒಂದು ಸಲ ಹೋಗಿ ಬಂದರೆ ಚಿತ್ರದ ಒಂದು ಗೆರೆ, ಇಂಥ ನೂರು ಗೆರೆ ಸೇರಿದರೆ ಒಂದು ಚಿತ್ರ. ಲೆಕ್ಕ ಹಾಕಿದರೆ ಸೆಕೆಂಡಿಗೆ 50 ಚಿತ್ರ. ಗೆರೆಗಳನ್ನು ಒಂದಾದ ಮೇಲೊಂದು ಎಳೆಯುವುದರಿಂದ ಚಿತ್ರದ ಒಂದು ಅಂಚು ಇನ್ನೊಂದು ಅಂಚಿಗಿಂತ ಒಂದಿಷ್ಟು ಹಳೆಯದು. ಇನ್ನೂ ಆಳಕ್ಕೆ ನೋಡಬೇಕಿದ್ದರೆ ಸದ್ದು ತಿರುಗಿ ಬರುವುದು ತಡ, ಆಗ ಸೆಕೆಂಡಿಗೆ ಸಿಗುವ ಚಿತ್ರಗಳೂ ಕಡಿಮೆ.

ಎಕೋ ಸ್ಕ್ರೀನಿನಲ್ಲಿ ಕೆಲವು ಸಲ ಗುಡ್ಡದ ಸಾಲಿನ ಹಾಗೆ ಗೆರೆ ಬರುತ್ತದಲ್ಲ, ಅದೇನು?

ಅದನ್ನು ಎಂ-ಮೋಡ್ ಅನ್ನುತ್ತಾರೆ. ಚಲನೆಯ ಚಿತ್ರ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಎಂಬ ಡಾಕ್ಟರ್ ಮತ್ತು ಹೆಲ್ಮುಟ್ ಹರ್ಟ್ಸ್ ಎಂಬ ವಿಜ್ಞಾನಿ ಹಡಗು ಕಟ್ಟುವ ಕಾರ್ಖಾನೆಯಿಂದ ಲೋಹದ ಬಿರುಕು ಹುಡುಕುವ ಯಂತ್ರ ಎರವಲು ತಂದು ಹೃದಯಕ್ಕೆ ಹಿಡಿದರು. ಎಕೋ ಶುರುವಾದದ್ದೇ ಹೀಗೆ.

ಒಂದೇ ಗೆರೆಯ ಉದ್ದಕ್ಕೆ ಸದ್ದು ಕಳಿಸುತ್ತ ಹೋಗಬೇಕು. ಬಂದ ಉತ್ತರವನ್ನು ಎಡದಿಂದ ಬಲಕ್ಕೆ ಪಕ್ಕಪಕ್ಕ ಇಡಬೇಕು. ಮೇಲಿಂದ ಕೆಳಗೆ ಅಂದರೆ ಆಳ, ಎಡದಿಂದ ಬಲಕ್ಕೆ ಅಂದರೆ ಹೊತ್ತು. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲಾದ ಮಿಟ್ರಲ್ ವಾಲ್ವಿನ ಮೇಲೆ ಗೆರೆ ಇಟ್ಟರೆ ಪ್ರತಿ ಬಡಿತಕ್ಕೂ ಎರಡು ಗುಡ್ಡ ಮೂಡುತ್ತವೆ. ಮೊದಲು ವಾಲ್ವ್ ತೆರೆದು ರಕ್ತ ಧುಮುಕಿದಾಗ ದೊಡ್ಡ ಗುಡ್ಡ. ನಡುವೆ ತಗ್ಗು. ಆಮೇಲೆ ಮೇಲಿನ ಕೋಣೆ ಒತ್ತಿದಾಗ ಸಣ್ಣ ಗುಡ್ಡ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವಿನ ಜ್ವರ ಬಂದು ವಾಲ್ವ್ ಕಿರಿದಾದವರಲ್ಲಿ ಆ ತಗ್ಗು ತುಂಬಿಕೊಂಡಿರುತ್ತದೆ. ಎರಡು ಗುಡ್ಡದ ಬದಲು ಒಂದೇ ಚಪ್ಪಟೆ ದಿಬ್ಬ. ನಾನು ಎಕೋ ಕೋಣೆಗೆ ಸೇರಿದ ಹೊಸದರಲ್ಲಿ ನಮ್ಮ ಡಾಕ್ಟರ್ ಆ ದಿಬ್ಬದ ಮೇಲೆ ಬೆರಳಿಟ್ಟು, "ನೋಡು, ಮುಚ್ಚಬೇಕಾದ ಹೊತ್ತಿಗೆ ಮುಚ್ಚಾಕ ಆಗವಲ್ತು" ಅಂದಿದ್ದರು. ಇಪ್ಪತ್ತೆರಡು ವರ್ಷದ ಹೆಣ್ಣುಮಗಳ ಚಿತ್ರ ಅದು. ಓಡುವ ವಿಡಿಯೋದಲ್ಲಿ ನನ್ನ ಕಣ್ಣು ತಪ್ಪಿದ್ದನ್ನು ಆ ನಿಂತ ಗೆರೆ ತೋರಿಸಿತ್ತು.

ಎಕೋ ಸ್ಕ್ರೀನಿನಲ್ಲಿ ಬಣ್ಣ ಬರುತ್ತದಲ್ಲ, ಕೆಂಪು ಅಂದರೆ ಒಳ್ಳೆ ರಕ್ತ, ನೀಲಿ ಅಂದರೆ ಕೆಟ್ಟ ರಕ್ತವಾ?

ಅಲ್ಲ. ನಾವು ಕೈಯಲ್ಲಿ ಹಿಡಿದು ಎದೆಗೆ ಒತ್ತುವ ಪ್ರೋಬಿನ ಕಡೆಗೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ, ಹಾಗೆ ಬಣ್ಣ ಕೊಡುವುದು ರೂಢಿ. ರೈಲು ಹತ್ತಿರ ಬರುವಾಗ ಸೀಟಿ ಕೀರಲು, ದಾಟಿದ ಮೇಲೆ ಗಡಸು ಕೇಳುತ್ತದಲ್ಲ, ಅದೇ ಲೆಕ್ಕ. ಇದಕ್ಕೆ ಡಾಪ್ಲರ್ ಅನ್ನುತ್ತಾರೆ.

ಕೆಂಪು ನೀಲಿ ಹಳದಿ ಕಲಸಿಕೊಂಡು ಕಂಡರೆ ರಕ್ತ ಬಹಳ ಜೋರಾಗಿ ಹೋಗುತ್ತಿದೆ ಅಂತ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುವುದನ್ನು ನೋಡಿರುತ್ತೀರಿ. ಎರಡು ಚಿತ್ರಗಳ ನಡುವೆ ಚಕ್ರ ಮುಕ್ಕಾಲು ಪಾಲು ಮುಂದೆ ಹೋದರೆ, ಕಣ್ಣಿಗೆ ಅದು ಕಾಲು ಪಾಲು ಹಿಂದೆ ಹೋದ ಹಾಗೆಯೇ. ಡಾಪ್ಲರ್ ಮೆಷಿನ್ನಿಗೂ ಇದೇ ಮೋಸ ಆಗುತ್ತದೆ. ಅದು ಬಿಟ್ಟು ಬಿಟ್ಟು ನೋಡುತ್ತದೆ, ಅದರ ನೋಟಕ್ಕಿಂತ ರಕ್ತ ಜೋರಾದರೆ ಬಣ್ಣ ತಿರುಗುಮುರುಗಾಗುತ್ತದೆ. ಡಾಕ್ಟರಿಗೆ ಅದೇ ಸುಳಿವು.

ಸಿನಿಮಾಕ್ಕೂ ಎಕ್ಸ್‌ರೇಗೂ ನಿಜವಾಗಿ ಸಂಬಂಧ ಇದೆಯಾ?

ಎರಡೂ ಒಂದೇ ದಿನದ ಮಕ್ಕಳು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಹತ್ತು ಪುಟ್ಟ ಚಲನಚಿತ್ರ ತೋರಿಸಿದರು. ಅದೇ ದಿನ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಜ್ಞಾನಿ ರಾಂಟ್‌ಜನ್ ತಾನು ಕಂಡ ಹೊಸ ಕಿರಣಗಳ (ಅದೇ ಎಕ್ಸ್‌ರೇ) ಬಗ್ಗೆ ಬರೆದ ಲೇಖನವನ್ನು ಪ್ರಕಟಣೆಗೆ ಕೊಟ್ಟ. ಅದಕ್ಕೆ ಆರು ದಿನ ಮುಂಚೆ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದಿದ್ದ. ಉಂಗುರ ಸಮೇತ ಎಲುಬು ಕಾಣುವ ಆ ಚಿತ್ರ ನೀವೂ ನೋಡಿರಬಹುದು. ಕಾಲು ತಾಸು ಕೈ ಅಲುಗಿಸದೆ ಕೂತಿದ್ದಳು ಆಕೆ. ಈಗ ಎದೆಯ ಎಕ್ಸ್‌ರೇಗೆ ಸೆಕೆಂಡಿನ ಸಣ್ಣ ಪಾಲು ಸಾಕು.

ಲೂಮಿಯೇರ್ ಚಿತ್ರಗಳು 1896ರ ಜುಲೈ 7ಕ್ಕೆ ಮುಂಬೈ ಮುಟ್ಟಿದವು. 1897ರಲ್ಲಿ ಗ್ಲಾಸ್ಗೋದ ಡಾಕ್ಟರ್ ಜಾನ್ ಮ್ಯಾಕಿಂಟೈರ್ ಎರಡನ್ನೂ ಕೂಡಿಸಿ ಕಪ್ಪೆಯ ಕಾಲು ಮಡಚುವುದನ್ನು ಎಕ್ಸ್‌ರೇ ಸಿನಿಮಾ ಮಾಡಿದ. ಇವತ್ತು ಆಂಜಿಯೋಗ್ರಾಂ ಕೋಣೆಯಲ್ಲಿ ರಕ್ತನಾಳದೊಳಗೆ ಬಣ್ಣ ಹರಿಯುವುದನ್ನು ನೋಡುತ್ತೀರಲ್ಲ, ಅದರ ಅಜ್ಜ ಆ ಕಪ್ಪೆಯ ಕಾಲು.

ನಿಂತ ಚಿತ್ರಗಳು ಓಡುವ ಹಾಗೆ ಯಾಕೆ ಕಾಣುತ್ತವೆ?

ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಎರಡೂವರೆ ತಾಸಿನ ಸಿನಿಮಾದಲ್ಲಿ 2 ಲಕ್ಷ 16 ಸಾವಿರ. ರೀಲು ಇದ್ದ ಕಾಲದಲ್ಲಿ ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ಪ್ರೊಜೆಕ್ಟರ್ ಬೆಳಕನ್ನು ಮುಚ್ಚುತ್ತಿತ್ತು. ಟಾಕೀಸಿನಲ್ಲಿ ಕೂತ ನಾವು ಹೆಚ್ಚುಕಡಿಮೆ ಅರ್ಧ ಹೊತ್ತು ಕತ್ತಲನ್ನೇ ನೋಡಿದ್ದೇವೆ. ಒಂದು ಸಲವೂ ಗೊತ್ತಾಗಲಿಲ್ಲ ಅಲ್ವಾ? ನಡುವಿನ ಚಲನೆಯನ್ನು ಕಟ್ಟಿಕೊಟ್ಟದ್ದು ಮೆದುಳು.

ಕಣ್ಣು ಮಿಟುಕಿಸುವಾಗಲೂ ಹೀಗೆಯೇ. ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಲೋಕ ಮುಚ್ಚಿ ತೆರೆಯುತ್ತದೆ, ನಮಗೆ ಕತ್ತಲೆ ಕಾಣುವುದಿಲ್ಲ. ನಿಮಿಷ ಅನ್ನುವ ಮಾತಿನ ಮೂಲ ಅರ್ಥವೇ ರೆಪ್ಪೆ ಮಿಟುಕು. ರೆಪ್ಪೆ ಬಡಿಯದ ದೇವತೆಗಳನ್ನು ಅನಿಮಿಷರು ಅಂತ ಕರೆದದ್ದು ಅದಕ್ಕೇ.

ಇಸಿಜಿ ನಾರ್ಮಲ್ ಬಂತು. ಆದರೂ ರಾತ್ರಿ ಎದೆ ಡವಡವ ಅನ್ನುತ್ತದೆ. ಯಾಕೆ?

ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಸಾಮಾನ್ಯವಾಗಿ ಹತ್ತು ಸೆಕೆಂಡು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಇಸಿಜಿ ನೋಡಿದ್ದು ಅದರಲ್ಲಿ ಹತ್ತು ಹನ್ನೆರಡು. ರಾತ್ರಿ ಎರಡಕ್ಕೆ ಆದದ್ದು ಬೆಳಗ್ಗೆ ಹನ್ನೊಂದರ ಕಾಗದದಲ್ಲಿ ಸಿಗದೆ ಇರಬಹುದು. ಡಾಕ್ಟರಿಗೆ ಎಷ್ಟು ಹೊತ್ತಿಗೆ ಆಗುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ಹೇಳಿ. 24 ತಾಸು ಮೈಗೆ ಕಟ್ಟಿಕೊಳ್ಳುವ ಹೋಲ್ಟರ್ ಅನ್ನುವ ಪುಟ್ಟ ಇಸಿಜಿ ಮೆಷಿನ್ ಇರುವುದು ಇದಕ್ಕೇ. ಎದೆನೋವು, ತಲೆಸುತ್ತು ಜೊತೆಗಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪೆಟ್ ಸ್ಕ್ಯಾನಿಗೆ ಇಂಜೆಕ್ಷನ್ ಕೊಟ್ಟು ಒಂದು ತಾಸು ಸುಮ್ಮನೆ ಕೂರಿಸುತ್ತಾರೆ. ಯಾಕೆ?

ಸಕ್ಕರೆಯಂಥ ಆ ಔಷಧಿ ಮೈಯೆಲ್ಲ ಸೇರಲು ಅಷ್ಟು ಹೊತ್ತು ಬೇಕು. ಓಡಾಡಿದರೆ, ಜಾಸ್ತಿ ಮಾತಾಡಿದರೆ ಅದು ಆ ಸ್ನಾಯುಗಳಿಗೆ ಹೋಗಿಬಿಡುತ್ತದೆ. ಹಾಗಂತ ಬಹಳ ತಡ ಮಾಡುವಂತೆಯೂ ಇಲ್ಲ. ಅದರಲ್ಲಿರುವ, ವಿಕಿರಣ ಸೂಸುವ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ.

ಸೋನೋಗ್ರಾಫಿಯಲ್ಲಿ ಮಗು ಒದ್ದದ್ದು ತಪ್ಪಿಹೋಯಿತು. ಮತ್ತೆ ತೋರಿಸಲು ಆಗುತ್ತದಾ?

ಎಷ್ಟೋ ಸಲ ಆಗುತ್ತದೆ. ಮೆಷಿನ್ ಕೊನೆಯ ಕೆಲವು ಸೆಕೆಂಡುಗಳನ್ನು ಯಾವಾಗಲೂ ನೆನಪಿಟ್ಟುಕೊಂಡಿರುತ್ತದೆ. ಡಾಕ್ಟರ್ ಫ್ರೀಜ್ ಒತ್ತುವ ಹೊತ್ತಿಗೆ ಕಾಲು ಸರಿದು ಹೋಗಿರುತ್ತದೆ. ಆಗ ಅಂಗೈ ಕೆಳಗಿನ ಉರುಟು ಚೆಂಡನ್ನು ಹಿಂದಕ್ಕೆ ತಿರುಗಿಸುತ್ತಾರೆ. ಕಾಲು ತಿರುಗಿ ಬರುತ್ತದೆ, ಮಡಚುತ್ತದೆ, ಮತ್ತೆ ಚಾಚುತ್ತದೆ. ಬೇಕಾದ ಚಿತ್ರದಲ್ಲಿ ನಿಲ್ಲಿಸಿ ಅಳತೆ ಹಿಡಿಯುತ್ತಾರೆ. ಮಗುವಿನ ಎದೆ ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತದೆ. ತಾಯಂದಿರು "ಇಷ್ಟ ಜೋರ ಯಾಕ್ರಿ?" ಅಂತ ಗಾಬರಿಯಾಗುತ್ತಾರೆ. ಮಗುವಿಗೆ ಅದೇ ಸರಿಯಾದ ಲಯ.

ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಅದನ್ನು ಹೇಳುವುದು ಅಪರಾಧ. ಆ ಕಾಯ್ದೆ ಬೇಕೇ ಬೇಕು ಅಂತ ನಾನು ಮನಸಾರೆ ನಂಬಿದ್ದೇನೆ.

ತೀರಿಹೋದವರ ಎಕೋ ಸಿಡಿ ಮನೆಯಲ್ಲಿದೆ. ಇಟ್ಟುಕೊಳ್ಳಬಹುದಾ? ಅದರಲ್ಲಿ ಎದೆ ಬಡಿಯುವುದು ಕಾಣುತ್ತದಾ?

ಇಟ್ಟುಕೊಳ್ಳಬಹುದು, ಕಾಣುತ್ತದೆ. ಸಿಡಿ ಗೀಚಿದರೆ ಹಾಳಾಗುತ್ತದೆ, ಅದಕ್ಕೆ ಪೆನ್‌ಡ್ರೈವಿಗೆ ಕಾಪಿ ಮಾಡಿಸಿ. ಮನೆಯ ಸಾದಾ ಪ್ಲೇಯರಿನಲ್ಲಿ ಅದು ತೆರೆಯುವುದಿಲ್ಲ. ಸ್ಕ್ಯಾನ್ ಮಾಡಿಸಿದ ಕಡೆ ಕೇಳಿದರೆ ಮಾಮೂಲಿ ವಿಡಿಯೋ ಮಾಡಿಕೊಡುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಅದು ಉದ್ದ ವಿಡಿಯೋ ಅಲ್ಲ. ಒಂದೊಂದು ತುಂಡಿನಲ್ಲಿ ಒಂದರಿಂದ ಮೂರು ಬಡಿತ ಇರುತ್ತದೆ, ಅದನ್ನೇ ಕಂಪ್ಯೂಟರ್ ನಿಲ್ಲದೆ ಮತ್ತೆ ಮತ್ತೆ ಓಡಿಸುತ್ತದೆ. ಇದಕ್ಕೆ ಲೂಪ್ ಅನ್ನುತ್ತಾರೆ. ಗೊತ್ತಿಲ್ಲದೆ ನೋಡಿದವರಿಗೆ ಎದೆ ಇನ್ನೂ ಬಡಿಯುತ್ತಲೇ ಇದೆ ಅನ್ನಿಸಿ ಜೀವ ಝಲ್ಲೆನ್ನುತ್ತದೆ.

ನರಗುಂದದ ಕಡೆಯ ಹೆಣ್ಣುಮಗಳೊಬ್ಬಳು ಒಂದು ಸಂಜೆ ಸಿಡಿ ಹಿಡಿದು ಬಂದಿದ್ದಳು. "ಅಣ್ಣಾರ, ಇದರಾಗ ನಮ್ಮಪ್ಪನ ಎದಿ ಬಡಿಯೋದು ಐತಂತ, ತೋರಿಸ್ತೀರೇನ್ರಿ?" ಹಾಕಿದೆ. ಸ್ಕ್ರೀನಿಗೆ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಬಹಳ ಹೊತ್ತು ನೋಡಿದಳು. ಮೂಲೆಯಲ್ಲಿ ತಾರೀಕು, ಟೈಮ್ ಇತ್ತು, ಅದನ್ನು ಓದಿದಳು. ನಾನು ಲೂಪ್ ಅಂದರೇನು ಅಂತ ಬಿಡಿಸಿ ಹೇಳಿದೆ.

"ಹಂಗಾರ ಇದರಾಗ ಖರೇನ ಎಷ್ಟ ಬಡತ ಅದಾವ್ರಿ?"

"ಮೂರು, ತಂಗಿ."

"ಆ ಮೂರ ಅಷ್ಟ ತೋರಸ್ರಿ."

ಲೂಪ್ ತೆಗೆದು ಮೊದಲಿಂದ ಓಡಿಸಿದೆ. ಒಂದು, ಎರಡು, ಮೂರು. ನಿಂತಿತು. ಎರಡೂವರೆ ಸೆಕೆಂಡು. ಅದನ್ನೇ ಸಾದಾ ವಿಡಿಯೋ ಮಾಡಿ ಅವಳ ಮೊಬೈಲಿಗೆ ಹಾಕಿಕೊಟ್ಟೆ.